ಪೇಟಿ ಬಾರ್ಸಾಂವ

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಅಭಿಮಾನಿಗಳಲ್ಲಿ ಎರಡು ಪಕ್ಷ. ಒಂದು ರೋಜರ್ ವಾಟರ್ಸ್‌ನದು, ಇನ್ನೊಂದು ಡೇವಿಡ್ ಗಿಲ್ಮೋರ್‌ನದು. ಹಾಡುಗಳ ಸಾಹಿತ್ಯ ಬರೆದವನು, ಇಡೀ ಆಲ್ಬಮ್ಮಿಗೆ ಒಂದು ಕಥೆ ಕಟ್ಟಿಕೊಟ್ಟವನು, ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ಸಂಕಟವನ್ನು ಜಗತ್ತಿನ ಸಂಕಟವಾಗಿಸಿದವನು ವಾಟರ್ಸ್ ಎಂದು ಮೊದಲನೆಯವರ ವಾದ. ಆ ಗಿಟಾರ್ ಇಲ್ಲದಿದ್ದರೆ ಆ ಮಾತುಗಳನ್ನು ಯಾರು ಕೂತು ಕೇಳುತ್ತಿದ್ದರು ಎಂದು ಎರಡನೆಯವರದು. 1985ರಲ್ಲಿ ವಾಟರ್ಸ್ ಬ್ಯಾಂಡ್ ಬಿಟ್ಟಾಗ ಶುರುವಾದ ಜಗಳ ಇಂದಿಗೂ ತೀರಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಜನ ರಾಕ್ ಕೇಳುವವರು ಒಟ್ಟಿಗೆ ಕೂತರೆ ಊಟದ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ನಾನು ಎರಡೂ ಕಡೆಯವನಲ್ಲ. ನನ್ನವನು ಕೀಬೋರ್ಡಿನ ಹಿಂದೆ ಕೂತಿದ್ದ ರಿಚರ್ಡ್ ರೈಟ್.

ವೇದಿಕೆಯ ಮೇಲೆ ಅವನು ಕಣ್ಣಿಗೆ ಬೀಳುವುದು ಕಡಿಮೆ. ಹಳೆಯ ವಿಡಿಯೊಗಳಲ್ಲಿ ಕ್ಯಾಮೆರಾ ಗಿಲ್ಮೋರ್‌ನ ಬೆರಳಿನ ಮೇಲೋ ನಿಕ್ ಮೇಸನ್‌ನ ಡ್ರಮ್ಮಿನ ಮೇಲೋ ಇರುತ್ತದೆ. ರೈಟ್ ತಲೆ ತಗ್ಗಿಸಿ ಒಂದು ಕೈ ಹ್ಯಾಮಂಡ್ ಆರ್ಗನ್ನಿನ ಮೇಲೆ, ಇನ್ನೊಂದು ಕೈ ಪಕ್ಕದ ಇನ್ನಾವುದೋ ವಾದ್ಯದ ಮೇಲೆ ಇಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತಾನೆ. ಸಂದರ್ಶನಗಳಲ್ಲೂ ಮಿತಭಾಷಿ. ಆದರೆ ಕಣ್ಣು ಮುಚ್ಚಿ ಕೇಳಿ. ಪಿಂಕ್ ಫ್ಲಾಯ್ಡ್ ಎಂದರೆ ಯಾವ ವಾತಾವರಣ ನಮ್ಮ ಮನಸ್ಸಿಗೆ ಬರುತ್ತದೋ, ಆ ವಿಶಾಲತೆ, ಆ ಮುಗಿಯದ ಸಂಜೆ, ಅದರಲ್ಲಿ ಬಹುಪಾಲು ಅವನು ಹಾಸಿಕೊಟ್ಟದ್ದು.

ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದಲು ಬಂದ ಮೂವರು ವಾಟರ್ಸ್, ಮೇಸನ್ ಮತ್ತು ರೈಟ್. ಕೇಂಬ್ರಿಜ್‌ನಿಂದ ಬಂದ ಸಿಡ್ ಬ್ಯಾರೆಟ್ ಸೇರಿಕೊಂಡ ಮೇಲೆ, 1965ರಲ್ಲಿ, ಅದು ಪಿಂಕ್ ಫ್ಲಾಯ್ಡ್ ಆಯಿತು. ಬ್ಯಾರೆಟ್‌ನ ಮನಸ್ಸು ಕದಡಿ ಅವನು 1968ರಲ್ಲಿ ಹೊರಗೆ ಹೋದದ್ದು, ಅವನ ಜಾಗಕ್ಕೆ ಗಿಲ್ಮೋರ್ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹಾಡು ಕಟ್ಟುತ್ತಿದ್ದವನೇ ಹೋದ ಮೇಲೆ ಉಳಿದವರಿಗೆ ದಾರಿ ಕಾಣಲಿಲ್ಲ. ಮೂರು ವರ್ಷ ಅದೂ ಇದೂ ಪ್ರಯತ್ನಿಸಿದರು, ಸಿನಿಮಾಗಳಿಗೆ ಸಂಗೀತ ಕೊಟ್ಟರು, ಆರ್ಕೆಸ್ಟ್ರಾ ಕರೆಸಿ ಒಂದು ಉದ್ದದ ತುಣುಕು ಮಾಡಿದರು. ದಾರಿ ಸಿಕ್ಕಿದ್ದು 1971ರಲ್ಲಿ, ಪಿಯಾನೋದ ಒಂದೇ ಒಂದು ಸ್ವರದಿಂದ.

ಆ ವರ್ಷ ಸ್ಟುಡಿಯೊದಲ್ಲಿ ಅವರ ಕೈಯಲ್ಲಿ ಇದ್ದದ್ದು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತನಾಲ್ಕು ತುಣುಕುಗಳು. ಆ ತುಣುಕುಗಳಿಗೆ ಅವರೇ ಇಟ್ಟುಕೊಂಡ ಹೆಸರು ‘ನಥಿಂಗ್’. ಒಂದು ದಿನ ರೈಟ್ ಪಿಯಾನೋದ ಮೇಲಿನ ಸಪ್ತಕದ ಒಂದು ಮನೆ ಒತ್ತಿದ. ಆ ಧ್ವನಿಯನ್ನು ಮೈಕಿನಿಂದ ಲೆಸ್ಲಿ ಸ್ಪೀಕರಿಗೆ ಹಾಯಿಸಿದ್ದರು. ಲೆಸ್ಲಿಯೆಂದರೆ ಒಳಗೆ ತಿರುಗುವ ಭಾಗವಿರುವ ಸ್ಪೀಕರ್. ಸದ್ದು ಅದರೊಳಗೆ ಸುತ್ತಿ ಹೊರಬರುವಾಗ ಅಲೆಯಾಗುತ್ತದೆ. ಪಿಯಾನೋದ ಸ್ವರ ಸಮುದ್ರದ ತಳದಿಂದ ಎದ್ದು ಬಂದಂತೆ ಕೇಳಿಸಿತು. ಆ ಸ್ವರವನ್ನೇ ಹಿಡಿದುಕೊಂಡು ಅವರು ಇಪ್ಪತ್ಮೂರೂವರೆ ನಿಮಿಷದ ‘ಎಕೋಸ್’ ಕಟ್ಟಿದರು. ‘ಮೆಡಲ್’ ಎಂಬ ಆಲ್ಬಮ್ಮಿನ ಎರಡನೆಯ ಬದಿಯ ಪೂರ್ತಿ ಅದೊಂದೇ. ಸ್ವರ ಒಮ್ಮೆ ಕೇಳಿಸುತ್ತದೆ. ಅದು ಆರುವವರೆಗೆ ಯಾರೂ ಏನೂ ಮಾಡುವುದಿಲ್ಲ. ಮತ್ತೆ ಕೇಳಿಸುತ್ತದೆ. ಹೀಗೆ ಕಾಯುವ ಧೈರ್ಯ ಆ ಕಾಲದ ರಾಕ್‌ನಲ್ಲಿ ಅಪರೂಪ. ಮುಂದೆ ಗಿಲ್ಮೋರ್ ಮತ್ತು ರೈಟ್ ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಎರಡು ಕಂಠಗಳು ಎಷ್ಟು ಹತ್ತಿರ ಎಂದರೆ ಯಾವುದು ಯಾರದೆಂದು ಬಿಡಿಸಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ.

ನಾನು ಧಾರವಾಡದವನು. ನಮ್ಮ ಮನೆಯಲ್ಲಿ ಸಂಗೀತ ಎಂದರೆ ಆಕಾಶವಾಣಿಯಲ್ಲಿ ಬರುವ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಅಪ್ಪನಿಗೆ ಹಾರ್ಮೋನಿಯಮ್, ನಮ್ಮ ಕಡೆಯ ಮಾತಿನಲ್ಲಿ ಪೇಟಿ, ನುಡಿಸುವ ಹುಚ್ಚು. ಕಾಲೇಜಿನ ದಿನಗಳಲ್ಲಿ ನಾನು ಮನೆಗೆ ತಂದ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಶುರುವಾದೊಡನೆ ಅವರು ಎದ್ದು ಹೋಗುತ್ತಿದ್ದರು. ‘ವಿಶ್ ಯೂ ವರ್ ಹಿಯರ್’ ಹಾಕಿದ ದಿನ ಮಾತ್ರ ಕೂತೇ ಇದ್ದರು. 1975ರ ಆ ಆಲ್ಬಮ್ ಶುರುವಾಗುವುದು ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ನಿಂದ. ಮೊದಲು ರೈಟ್‌ನ ಸಿಂಥಸೈಜರ್ ಒಂದೇ ನೆಲೆಯಲ್ಲಿ ತುಂಬಿ ನಿಲ್ಲುತ್ತದೆ. ಲಯವಿಲ್ಲ, ಡ್ರಮ್ ಇಲ್ಲ. ಸುಮಾರು ನಾಲ್ಕು ನಿಮಿಷವಾದ ಮೇಲೆ ಗಿಲ್ಮೋರ್‌ನ ಪ್ರಸಿದ್ಧ ನಾಲ್ಕು ಸ್ವರಗಳು ಬರುತ್ತವೆ. ಮೊದಲ ಮಾತು ಕೇಳಬೇಕಾದರೆ ಎಂಟು ನಿಮಿಷ ದಾಟಬೇಕು. ಅಪ್ಪ ಅಷ್ಟೂ ಹೊತ್ತು ಸುಮ್ಮನಿದ್ದು, “ಇವರಿಗೇನೂ ಗಡಿಬಿಡಿ ಇಲ್ಲಲ್ಲೋ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆ ಪೇಟಿ ಬಾರ್ಸಾಂವ ಯಾರು? ಛಲೋ ಅದಾನ ನೋಡು” ಎಂದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ರಿಚರ್ಡ್ ರೈಟ್‌ನ ಹೆಸರು ಪೇಟಿ ಬಾರ್ಸಾಂವ ಎಂದೇ.

ಅಪ್ಪನ ಕಿವಿ ಹಿಡಿದದ್ದು ಸರಿಯಾದ ಎಳೆಯನ್ನೇ. ಖಯಾಲ್ ಕಛೇರಿಯಲ್ಲಿ ಒಳ್ಳೆಯ ಪೇಟಿಯವನು ಗಾಯಕನ ಹಿಂದೆ ಹಿಂದೆಯೇ ನಡೆಯುತ್ತಾನೆ. ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಂದೆರಡು ಸ್ವರವಿಟ್ಟು ಸಭೆಯನ್ನು ಹಿಡಿದು ನಿಲ್ಲಿಸುತ್ತಾನೆ, ಗಾಯಕ ಮರಳಿ ಬಂದೊಡನೆ ಸರಿದು ಜಾಗ ಬಿಡುತ್ತಾನೆ. ಎಲ್ಲಿ ನುಡಿಸಬಾರದು ಎಂಬುದು ಅವನ ವಿದ್ಯೆಯ ದೊಡ್ಡ ಪಾಲು. ರೈಟ್‌ನದೂ ಅದೇ ವಿದ್ಯೆ. ಅದನ್ನು ಅವನು ಕಲಿತದ್ದು ಜಾಝ್‌ನಿಂದ, ಮುಖ್ಯವಾಗಿ ಮೈಲ್ಸ್ ಡೇವಿಸ್‌ನಿಂದ. 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನಲ್ಲಿ ಕೇಳಿದ್ದ ಒಂದು ಕಾರ್ಡ್ ‘ಬ್ರೀದ್’ ಹಾಡಿನ ಒಂದು ತಿರುವಿಗೆ ಬಂತು ಎಂದು ಅವನೇ ಹೇಳಿದ್ದಾನೆ. ಆ ತಿರುವನ್ನು ಹುಡುಕಿ ಕೇಳಿ. ಸೀದಾ ಹೋಗಬಹುದಾಗಿದ್ದ ಹಾಡು ಅಲ್ಲಿ ಒಂದು ಕ್ಷಣ ಅನುಮಾನಿಸಿ, ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ.

‘ಬ್ರೀದ್’ ಇರುವುದು 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರವರೆಗೆ ಒಟ್ಟು 741 ವಾರ ಉಳಿದ ಆಲ್ಬಮ್ ಅದು. ಅದರ ಬಗ್ಗೆ ಬರೆಯುವವರೆಲ್ಲ ‘ಟೈಮ್’ನ ಗಡಿಯಾರಗಳನ್ನು, ‘ಮನಿ’ಯಲ್ಲಿ ಲಯಕ್ಕೆ ಬೀಳುವ ನಾಣ್ಯಗಳ ಸದ್ದನ್ನು ಹೇಳುತ್ತಾರೆ. ನಾನು ಆ ಆಲ್ಬಮ್ಮಿಗೆ ಹೋಗುವುದು ಎರಡು ಹಾಡುಗಳಿಗಾಗಿ, ಎರಡೂ ರೈಟ್‌ನ ಪಿಯಾನೋದಲ್ಲಿ ಹುಟ್ಟಿದವು.

ಒಂದು ‘ಅಸ್ ಆಂಡ್ ದೆಮ್’. ಇಟಲಿಯ ನಿರ್ದೇಶಕ ಆಂಟೊನಿಯೊನಿಯ ‘ಝಬ್ರಿಸ್ಕಿ ಪಾಯಿಂಟ್’ ಸಿನಿಮಾದಲ್ಲಿ ಪೊಲೀಸರು ವಿದ್ಯಾರ್ಥಿಗಳನ್ನು ಬಡಿಯುವ ದೃಶ್ಯಕ್ಕೆಂದು ರೈಟ್ ಅದನ್ನು ನುಡಿಸಿದ್ದ. ಗಲಭೆಯ ದೃಶ್ಯಕ್ಕೆ ನಿಧಾನವಾದ, ಒಂಟಿ ಪಿಯಾನೋ. ಎಂಥ ಕಲ್ಪನೆ ಅದು! ನಿರ್ದೇಶಕರು ಬೇಡವೆಂದರು. ಮೂರು ವರ್ಷ ಕಳೆದ ಮೇಲೆ ಅದೇ ಸ್ವರಗಳಿಗೆ ವಾಟರ್ಸ್ ಯುದ್ಧದ ಬಗ್ಗೆ, ಬಡವರ ಬಗ್ಗೆ ಸಾಹಿತ್ಯ ಬರೆದ. ಮಾತುಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳಿವೆ. ವಾಟರ್ಸ್‌ನ ಅತ್ಯುತ್ತಮ ಸಾಹಿತ್ಯ ಇದೇ ಎಂದು ನನ್ನ ಅಭಿಪ್ರಾಯ, ಮತ್ತು ಅದು ಅತ್ಯುತ್ತಮವಾದದ್ದು ರೈಟ್ ಕೊಟ್ಟ ಆ ಜಾಗದಿಂದ.

ಇನ್ನೊಂದು ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’. ಸಾವಿನ ಬಗೆಗಿನ ಈ ಹಾಡಿಗೆ ಸಾಹಿತ್ಯವೇ ಇಲ್ಲ. ಪಿಯಾನೋ ಮುಗಿಸಿಟ್ಟುಕೊಂಡು, ಮೇಲೆ ಏನು ಬರಬೇಕೆಂದು ತಿಳಿಯದೆ ಕೂತಿದ್ದರು. ಧ್ವನಿಮುದ್ರಣದ ಎಂಜಿನಿಯರ್ ಅಲನ್ ಪಾರ್ಸನ್ಸ್ ಕ್ಲೇರ್ ಟೋರಿ ಎಂಬ ಯುವ ಗಾಯಕಿಯ ಹೆಸರು ಹೇಳಿದ. 1973ರ ಜನವರಿಯ ಒಂದು ದಿನ ಅವಳು ಅಬ್ಬಿ ರೋಡ್ ಸ್ಟುಡಿಯೊಗೆ ಬಂದಳು. ಮಾತು ಬೇಡ, ನಿನ್ನ ಕಂಠವನ್ನೇ ಒಂದು ವಾದ್ಯ ಅಂದುಕೋ ಎನ್ನುವುದರಾಚೆ ಅವಳಿಗೆ ಹೆಚ್ಚಿನದನ್ನು ಯಾರೂ ಹೇಳಲಿಲ್ಲ. ಕೆಲವೇ ಸಲ ಹಾಡಿ, ಅತಿಯಾಯಿತೇನೋ ಎಂಬ ಸಂಕೋಚದಲ್ಲಿ ಹೊರಬಂದಳು. ಆ ಕೆಲಸಕ್ಕೆ ಅವಳಿಗೆ ಸಿಕ್ಕಿದ್ದು 30 ಪೌಂಡ್. ಸ್ವರ ಸಂಯೋಜನೆಯಲ್ಲಿ ತನಗೂ ಪಾಲಿದೆ ಎಂದು ಅವಳು 2004ರಲ್ಲಿ ನ್ಯಾಯಾಲಯಕ್ಕೆ ಹೋದಳು. ಮರುವರ್ಷ ರಾಜಿಯಾಗಿ ಈಗ ರೈಟ್ ಹೆಸರಿನ ಪಕ್ಕದಲ್ಲಿ ಅವಳ ಹೆಸರೂ ಇದೆ. ಆಗಲೇಬೇಕಾದ ನ್ಯಾಯ, ಮೂರು ದಶಕ ತಡವಾಗಿ ಆಯಿತು. ಅವಳು ಚೀರಿ, ಅತ್ತು, ಕೊನೆಗೆ ಸೋತು ಸಣ್ಣಗಾಗುವವರೆಗೂ ಕೆಳಗೆ ಪಿಯಾನೋ ಅವಳನ್ನು ಬಿಟ್ಟು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ನಾನು ಈ ಹಾಡು ಬಿಟ್ಟು ಬೇರೆ ಸಂಗೀತ ಹೆಚ್ಚು ಕೇಳಲಿಲ್ಲ. ಮಾತಿದ್ದ ಯಾವ ಹಾಡೂ ಆಗ ನನಗೆ ಆಗಿಬರುತ್ತಿರಲಿಲ್ಲ.

ಇಂಥವನನ್ನು ಬ್ಯಾಂಡ್ ಹೊರಗೆ ಹಾಕಿತು ಎಂಬುದು ನನಗೆ ಇನ್ನೂ ನೋವಿನ ಸಂಗತಿ. 1977ರ ‘ಅನಿಮಲ್ಸ್’ ಹೊತ್ತಿಗೇ ಸಂಯೋಜಕರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆದರೆ ಅದೇ ಆಲ್ಬಮ್ಮಿನ ‘ಶೀಪ್’ ಹಾಡಿನ ಮೊದಲ ಒಂದೂವರೆ ನಿಮಿಷ ಕೇಳಿ. ಎಲೆಕ್ಟ್ರಿಕ್ ಪಿಯಾನೋ ಒಂದೇ, ಹುಲ್ಲುಗಾವಲಿನ ಮಂಜಿನಂತೆ. ಅದು ರೈಟ್. 1979ರಲ್ಲಿ ‘ದ ವಾಲ್’ ತಯಾರಾಗುತ್ತಿದ್ದಾಗ ಮದುವೆ ಮುರಿಯುತ್ತಿತ್ತು, ಹೊಸ ಸ್ವರಗಳು ಹೊಳೆಯುತ್ತಿರಲಿಲ್ಲ. ರಜೆ ಮೊಟಕು ಮಾಡಿ ಧ್ವನಿಮುದ್ರಣಕ್ಕೆ ಬಾ ಎಂದಾಗ ಅವನು ಒಪ್ಪಲಿಲ್ಲ. ವಾಟರ್ಸ್ ಅವನನ್ನು ಬ್ಯಾಂಡಿನಿಂದಲೇ ತೆಗೆಸಿದ. ತಾನೇ ಕಟ್ಟಿದ ಬ್ಯಾಂಡಿನಲ್ಲಿ, 1980 ಮತ್ತು 81ರ ‘ದ ವಾಲ್’ ಪ್ರದರ್ಶನಗಳಿಗೆ ಅವನು ಸಂಬಳದ ವಾದಕನಾಗಿ ನುಡಿಸಿದ. ವೇದಿಕೆಯ ಮೇಲೆ ನಿಜವಾದ ಗೋಡೆ ಕಟ್ಟುವ ಆ ದುಬಾರಿ ಪ್ರದರ್ಶನಗಳು ನಷ್ಟದಲ್ಲಿ ಮುಗಿದು, ಸಂಬಳಕ್ಕಿದ್ದ ಅವನೊಬ್ಬನಿಗೆ ಮಾತ್ರ ಹಣ ಉಳಿಯಿತು. 1983ರ ‘ದ ಫೈನಲ್ ಕಟ್’ ಅವನು ಬದುಕಿದ್ದಾಗ ಅವನಿಲ್ಲದೆ ಬಂದ ಒಂದೇ ಪಿಂಕ್ ಫ್ಲಾಯ್ಡ್ ಆಲ್ಬಮ್. ಫಾಕ್‌ಲ್ಯಾಂಡ್ಸ್ ಯುದ್ಧದ ಸಿಟ್ಟು ಅದರಲ್ಲಿದೆ, ತೂಕದ ಮಾತುಗಳಿವೆ. ಉಸಿರಾಡಲು ಜಾಗವಿಲ್ಲ. ಬ್ಯಾಂಡಿಗೆ ಅವನು ಏನಾಗಿದ್ದ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಾಟರ್ಸ್ ಮೇಲೆ ನನಗೆ ದ್ವೇಷವೇನಿಲ್ಲ. 2002ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಅವನು ಬಂದಾಗ ಆ ಜನಸಾಗರದಲ್ಲಿ ನಾನೂ ಇದ್ದೆ. ‘ಶೈನ್ ಆನ್’ ಶುರುವಾದಾಗ ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹುಡುಗರು ನನ್ನ ಹೆಗಲ ಮೇಲೆ ಕೈ ಹಾಕಿದರು, ನಾನೂ ಹಾಕಿದೆ. ಕೀಬೋರ್ಡ್ ನುಡಿಸಿದವರು ಸ್ವರ ತಪ್ಪದೆ ನುಡಿಸಿದರು. ಎಲ್ಲವೂ ಇತ್ತು. ಆದರೂ ಪೇಟಿಯವನು ಬೇರೆ ಎಂದು ಗೊತ್ತಾಗುತ್ತಿತ್ತು.

ರೈಟ್ ಮರಳಿ ಬಂದ. 1987ರಲ್ಲಿ ಮೊದಲು ಸಂಬಳಕ್ಕೆ, ಆಮೇಲೆ 1994ರ ‘ದ ಡಿವಿಜನ್ ಬೆಲ್’ ಹೊತ್ತಿಗೆ ಮತ್ತೆ ಸದಸ್ಯನಾಗಿ. ಅದರಲ್ಲಿ ‘ವೇರಿಂಗ್ ದ ಇನ್‌ಸೈಡ್ ಔಟ್’ ಎಂಬ ಹಾಡನ್ನು ಅವನೇ ಹಾಡಿದ್ದಾನೆ. ಬಹಳ ಕಾಲ ಮಾತು ನಿಲ್ಲಿಸಿದ್ದ ಮನುಷ್ಯ ಮತ್ತೆ ಮಾತಾಡಲು ಕಲಿಯುವ ಹಾಡು ಅದು. ಹಾಡಬೇಕಾದವನೇ ಹಾಡಿದ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಲೈವ್ 8 ಕಾರ್ಯಕ್ರಮದಲ್ಲಿ, ನಾಲ್ವರೂ ಇಪ್ಪತ್ನಾಲ್ಕು ವರ್ಷದ ನಂತರ ಒಂದೇ ವೇದಿಕೆ ಹತ್ತಿದರು. ಅದೇ ಕೊನೆ. 2008ರ ಸೆಪ್ಟೆಂಬರ್ 15ರಂದು ಕ್ಯಾನ್ಸರಿನಿಂದ ರೈಟ್ ತೀರಿಕೊಂಡ, ಅರವತ್ತೈದನೆಯ ವಯಸ್ಸಿನಲ್ಲಿ. ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಎರಡು ವರ್ಷ ಹಿಂದೆ ಗಿಲ್ಮೋರ್ ಜೊತೆ ಅವನು ನುಡಿಸಿದ್ದ ‘ಎಕೋಸ್’ ಇರುವ ಆಲ್ಬಮ್ ಅದಾಗಿ ಒಂದೇ ವಾರಕ್ಕೆ ಬಿಡುಗಡೆಯಾಯಿತು. 2014ರಲ್ಲಿ ಗಿಲ್ಮೋರ್ ಮತ್ತು ಮೇಸನ್, ‘ದ ಡಿವಿಜನ್ ಬೆಲ್’ ಕಾಲದಲ್ಲಿ ರೈಟ್ ನುಡಿಸಿಟ್ಟಿದ್ದ ತುಣುಕುಗಳನ್ನು ಹೆಕ್ಕಿ ‘ದಿ ಎಂಡ್‌ಲೆಸ್ ರಿವರ್’ ಎಂಬ ಆಲ್ಬಮ್ ಮಾಡಿದರು. ಹೆಚ್ಚುಕಡಿಮೆ ಮಾತಿಲ್ಲದ ಆಲ್ಬಮ್. ವಿಮರ್ಶಕರಲ್ಲಿ ಹಲವರು ಮೆಚ್ಚಲಿಲ್ಲ. ನನಗೆ ಅದು ಬೇಕಿತ್ತು.

1971ರಲ್ಲಿ ಪಾಂಪೆಯ ರೋಮನ್ ಬಯಲು ರಂಗಮಂದಿರದಲ್ಲಿ, ಪ್ರೇಕ್ಷಕರೇ ಇಲ್ಲದೆ, ನಾಲ್ವರೂ ನುಡಿಸಿದ್ದನ್ನು ಚಿತ್ರೀಕರಿಸಿದ್ದರು. ಆ ಸಿನಿಮಾ ‘ಎಕೋಸ್’ನಿಂದ ಶುರುವಾಗಿ ‘ಎಕೋಸ್’ನಲ್ಲಿ ಮುಗಿಯುತ್ತದೆ. 2016ರಲ್ಲಿ ಗಿಲ್ಮೋರ್ ಅದೇ ಜಾಗಕ್ಕೆ ಮರಳಿ, ಈ ಸಲ ಜನರ ಮುಂದೆ, ನುಡಿಸಿದ. ‘ದ ಗ್ರೇಟ್ ಗಿಗ್’ ಇತ್ತು, ‘ಶೈನ್ ಆನ್’ ಇತ್ತು. ಅಲ್ಲಿ ಎಲ್ಲರೂ ಬಯಸಿದ್ದ ‘ಎಕೋಸ್’ ನುಡಿಸಲಿಲ್ಲ. ಅದು ತನ್ನ ಮತ್ತು ರೈಟ್ ನಡುವಿನ ಸಂವಾದ, ರೈಟ್ ಇಲ್ಲದೆ ಆಗದು ಎಂದು ಗಿಲ್ಮೋರ್ ನಿಶ್ಚಯಿಸಿದ್ದ. ವಾಟರ್ಸ್ ಪಕ್ಷ, ಗಿಲ್ಮೋರ್ ಪಕ್ಷ ಎಂದು ವಾದ ಮಾಡುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ: ಗಿಲ್ಮೋರ್ ಸ್ವತಃ ನನ್ನ ಪಕ್ಷದಲ್ಲಿದ್ದಾನೆ.

ಪಿಂಕ್ ಫ್ಲಾಯ್ಡ್ ಕೇಳದವರು ‘ಎಕೋಸ್’ನಿಂದ ಶುರು ಮಾಡಿ. ಫೋನಿನ ಸ್ಪೀಕರಿನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ನಡುವೆ ಗಾಳಿ ಮತ್ತು ಹಕ್ಕಿಗಳಂಥ ಸದ್ದುಗಳಷ್ಟೇ ಕೇಳುವ ಒಂದು ಉದ್ದನೆಯ ಭಾಗ ಬರುತ್ತದೆ. ಅದನ್ನು ಹಾರಿಸಿ ಮುಂದೆ ಹೋಗಬೇಡಿ. ಆ ಕತ್ತಲೆಯಿಂದ ಹಾಡನ್ನು ಕೈಹಿಡಿದು ಹೊರಗೆ ತರುವುದು ಮತ್ತೆ ಅದೇ ಪಿಯಾನೋದ ಸ್ವರ, ಮತ್ತು ಅದು ಬರುವ ಹೊತ್ತಿಗೆ ನೀವು ಅಲ್ಲಿರಬೇಕು.