ಸರಸ್ವತಿಪುರಂನಿಂದ ಸ್ವಿಟ್ಜರ್ಲೆಂಡಿಗೆ ಹೊರಡುವ ಮುನ್ನ

ಊಟದ ಮೇಜನ್ನು ಅಕ್ಕ ಆಗಲೇ ಒರೆಸಿಟ್ಟಿದ್ದಾಳೆ. ಅದರ ಮೇಲೀಗ ಎರಡು ಪಾಸ್‌ಪೋರ್ಟು, ಆಧಾರ್, ಪ್ಯಾನ್, ಭಾವನ ಪಿಂಚಣಿ ಕಾಗದ, ಬ್ಯಾಂಕಿನ ಸ್ಟೇಟ್‌ಮೆಂಟು ಹರಡಿವೆ. ಫೆಬ್ರುವರಿಯ ಭಾನುವಾರ. ಮೈಸೂರಿನ ಸರಸ್ವತಿಪುರಂನ ಈ ಮನೆಯ ಕಿಟಕಿಯಿಂದ ಎಳೆಬಿಸಿಲು ನೇರ ಕಾಗದಗಳ ಮೇಲೆ ಬೀಳುತ್ತಿದೆ. ಮೇ ಕೊನೆಗೆ ಅಕ್ಕ-ಭಾವ ಇಬ್ಬರೇ ಸ್ವಿಟ್ಜರ್ಲೆಂಡಿಗೆ ಹೊರಡಬೇಕು. ಟೂರ್ ಗುಂಪಿಲ್ಲ, ಮಕ್ಕಳು ಜೊತೆಗಿಲ್ಲ.

"ಎಲ್ಲಾ ಏಜೆಂಟ್ ನೋಡ್ಕೋತಾನೆ ಬಿಡೋ," ಅನ್ನುತ್ತಾರೆ ಭಾವ.

"ಅಲ್ಲಿ ಕೌಂಟರ್ ಮುಂದೆ ನಿಂತ್ಕೊಳ್ಳೋದು ಏಜೆಂಟಲ್ಲ ಕಣ್ರೀ, ನಾವು," ಎನ್ನುತ್ತಾ ಅಕ್ಕ ಕನ್ನಡಕ ಏರಿಸುತ್ತಾಳೆ.

ಅವಳು ಮೊದಲು ನೋಡುವುದು ಹೆಸರು. ನಮ್ಮ ಕಡೆಯವರ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತವಲ್ಲ, ಒಂದು ಊರಿನದು, ಒಂದು ಅಪ್ಪನದು. ರೇಷನ್ ಕಾರ್ಡಿನಿಂದ ಮದುವೆ ಕರೆಯೋಲೆಯವರೆಗೆ ಯಾರೂ ಅದನ್ನು ಬಿಡಿಸಿ ಬರೆಯಿರಿ ಎಂದು ಕೇಳುವುದಿಲ್ಲ. ಪಾಸ್‌ಪೋರ್ಟು ಕೇಳುತ್ತದೆ. ಭಾವನ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲವೂ ಪೂರ್ತಿಯಾಗಿ ಬಿಡಿಸಿಕೊಂಡಿವೆ. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರಷ್ಟೇ. ಬ್ಯಾಂಕಿನಲ್ಲಿ ಇನ್ನೂ ಎರಡಕ್ಷರ. ಅಕ್ಕನದು ಇನ್ನೊಂದು ಬಗೆ. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇರುವುದು ಒಂದೇ ಹೆಸರು. ಸ್ವಿಟ್ಜರ್ಲೆಂಡಿಗೆ ಇದು ಅಡ್ಡಿಯಲ್ಲ. ಆದರೆ ವಿಮಾನ ದುಬೈ ಮೂಲಕ. ದಾರಿಯಲ್ಲಿ ಇಳಿದು ದುಬೈ ನೋಡೋಣವೆಂದು ಭಾವನಿಗೆ ಆಸೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ವಿಷಯದಲ್ಲಿ ಬಿಗಿಯಾಗಿದೆ; ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಸಡಿಲಿಸಿತು. ಅಕ್ಕ ಪುಟ ತಿರುವುತ್ತಾಳೆ. ಅಪ್ಪನ ಹೆಸರಿದೆ. ಆದರೂ ಅವಳ ತೀರ್ಮಾನ ಖಡಾಖಂಡಿತ: ದುಬೈ ಈ ಸಲ ಬೇಡ, ವಿಮಾನ ಬದಲಿಸಿ ಮುಂದೆ ಹೋಗೋದಷ್ಟೇ. ನನಗೂ ಅದೇ ಸರಿ ಅನಿಸುತ್ತದೆ. ಮೊದಲ ಪ್ರಯಾಣಕ್ಕೆ ಒಂದು ದೇಶದ ಕಾಗದವೇ ಸಾಕಷ್ಟಿದೆ.

ಟಿಕೆಟ್ಟು, ವೀಸಾ ಅರ್ಜಿ, ವಿಮೆ, ಹೋಟೆಲು, ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರಬೇಕು, ಒಂದು ಇಂಗ್ಲಿಷ್ ಅಕ್ಷರವೂ ಹೆಚ್ಚು-ಕಡಿಮೆಯಾಗದಂತೆ. ಅಕ್ಕ ಒಂದು ಹಾಳೆಯಲ್ಲಿ ಇಬ್ಬರ ಹೆಸರನ್ನೂ ದೊಡ್ಡಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸುತ್ತಾಳೆ. ಇನ್ನು ಯಾರೇ ಫೋನಿನಲ್ಲಿ ಹೆಸರು ಕೇಳಲಿ, ಅದನ್ನು ನೋಡಿಕೊಂಡೇ ಹೇಳುವುದು.

ಆಮೇಲೆ ತಾರೀಖು. ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗನ್ ವೀಸಾಕ್ಕೆ ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಭಾವನದು ಸೆಪ್ಟೆಂಬರಿಗೆ ಮುಗಿಯುತ್ತದೆ. ಲೆಕ್ಕಕ್ಕೆ ಹೇಗೋ ಸರಿಹೋಗುತ್ತದೆ, ಆದರೆ ವಾಪಸಾಗುವುದು ಒಂದೆರಡು ವಾರ ತಡವಾದರೆ ಅಂಚಿಗೆ ಬಂತು. ನವೀಕರಿಸುವುದೆಂದಾಯಿತು. ಮೂವತ್ತಾರು ಪುಟದ್ದಕ್ಕೆ 1,500 ರೂಪಾಯಿ. ಮೊದಲೆಲ್ಲ ಇದಕ್ಕೂ ಬೆಂಗಳೂರಿಗೆ ಓಡಬೇಕಿತ್ತು. 2017ರ ಜನವರಿ 25ರಂದು ಅಂಚೆ ಇಲಾಖೆಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲೇ ಮೊದಲು ತೆರೆದದ್ದು ನಮ್ಮ ಮೈಸೂರಿನಲ್ಲಿ. ಅದೇ ದಿನ ಗುಜರಾತಿನ ದಾಹೋದ್‌ನಲ್ಲೂ. ಈಗ ಬೆಳಿಗ್ಗೆ ತಿಂಡಿ ತಿಂದು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.

ವೀಸಾಕ್ಕೆ ಮಾತ್ರ ಬೆಂಗಳೂರೇ ಗತಿ. ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ಮಾರ್ಚ್‌ನಲ್ಲಿ ಹೊಸ ಪಾಸ್‌ಪೋರ್ಟು ಕೈಸೇರಿದ ಮೇಲೆ ಕತ್ತಲಿರುವಾಗಲೇ ರೈಲು ಹತ್ತಿ ಬಂದಿದ್ದೇವೆ. ವೀಸಾ ಅರ್ಜಿ ಕೇಂದ್ರದ ತಣ್ಣನೆಯ ಹಾಲ್. ಅಕ್ಕನ ಮಡಿಲಲ್ಲಿ ಫೈಲು: ಅರ್ಜಿ, ಫೋಟೊ, ಹೋಗಿಬರುವ ಟಿಕೆಟ್ಟು, ದಿನಕ್ಕೊಂದು ಸಾಲಿನಂತೆ ಎಲ್ಲಿ ತಂಗುತ್ತೇವೆಂಬ ಪಟ್ಟಿ, ಬ್ಯಾಂಕಿನ ಕಾಗದ, ವಿಮೆ. ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಅದನ್ನು ಕೊಳ್ಳುವಾಗ ಭಾವ ತಮ್ಮ ಬಿಪಿಯನ್ನೂ ಸಕ್ಕರೆಯನ್ನೂ ಮುಚ್ಚಿಡಲಿಲ್ಲ. ಕಂತು ಸ್ವಲ್ಪ ಏರಿತು. ಏರಲಿ. ಮುಚ್ಚಿಟ್ಟ ಕಾಯಿಲೆಗೆ ಪರದೇಶದ ಆಸ್ಪತ್ರೆಯಲ್ಲಿ ಯಾವ ಕಂಪನಿಯೂ ದುಡ್ಡು ಕಟ್ಟುವುದಿಲ್ಲ.

ಭಾವನ ಸರದಿ. ಬೆರಳಚ್ಚು ಯಂತ್ರ ಅವರ ಹೆಬ್ಬೆರಳನ್ನು ಹಿಡಿಯುತ್ತಿಲ್ಲ. ವಯಸ್ಸಾದವರ ರೇಖೆ ಸವೆದಿರುತ್ತದೆ. ಕೌಂಟರಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, "ಒತ್ತಿ ಹಿಡೀರಿ ಅಂಕಲ್, ಅವಸರ ಇಲ್ಲ," ಅನ್ನುತ್ತಾಳೆ. ದೀಪ ಹಸಿರಾಗುತ್ತದೆ. ಶುಲ್ಕ ತೊಂಬತ್ತು ಯೂರೋ. 2024ರ ಜೂನ್‌ನಿಂದ ಇದೇ ದರ. ಕೇಂದ್ರದವರ ಸೇವಾ ಶುಲ್ಕ ಬೇರೆ.

ಏಪ್ರಿಲ್ ಇಡೀ ಕಾಲಿನದು. ಅಕ್ಕ-ಭಾವ ಅಲ್ಲಿ ನೋಡಲಿರುವ ಯೂಂಗ್‌ಫ್ರೌಯೋಖ್ ರೈಲು ನಿಲ್ದಾಣ ಸಮುದ್ರಮಟ್ಟದಿಂದ 3,454 ಮೀಟರ್ ಎತ್ತರದಲ್ಲಿದೆ. ಹೋಗುವುದು ರೈಲಿನಲ್ಲೇ ಆದರೂ ಅಲ್ಲಿ ಗಾಳಿ ತೆಳು. ಮೊದಲು ಡಾಕ್ಟರ ಒಪ್ಪಿಗೆ. ಆಮೇಲೆ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೊಸ ಶೂ ಹಾಕಿಕೊಂಡು ನಡಿಗೆ. ಭಾವನ ಹಿಮ್ಮಡಿ ಮೊದಲ ವಾರವೇ ಬೊಕ್ಕೆ ಎದ್ದಿತು. ಇಲ್ಲೇ ಎದ್ದದ್ದು ಒಳ್ಳೆಯದಾಯಿತು. ಅಕ್ಕ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನಂದಿಯವರೆಗೆ ಹತ್ತಿ, ಪೆಟ್ಟಿಗೆ ಹೊರುವ ಕೈಗೂ ಅಭ್ಯಾಸವಾಗಲೆಂದು ನೀರಿನ ಎರಡು ಬಾಟಲಿ ಹಿಡಿದು ಇಳಿಯುತ್ತಾಳೆ.

ಈಗ ಮೇ. ಹೊರಡುವ ವಾರ. ಅಡುಗೆಮನೆಗೆ ಕಾಲಿಟ್ಟರೆ ಹುರಿದ ಒಣಮೆಣಸಿನಕಾಯಿ ಘಾಟಿಗೆ ಸೀನು ಬರುತ್ತದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿಹಿಟ್ಟು, ಕೋಡುಬಳೆ, ಅವಲಕ್ಕಿ. ನಿಜವಾದ ಜಗಳ ನಡೆಯುವುದು ಇಲ್ಲೇ.

"ಗಸಗಸೆ ಪೊಟ್ಟಣ ಯಾಕೆ ಪಕ್ಕಕ್ಕಿಟ್ಟೆ? ಭಾವನಿಗೆ ಪಾಯಸ ಇಷ್ಟ ಕಣೋ."

ಯುಎಇಯಲ್ಲಿ ಗಸಗಸೆ ನಿಷಿದ್ಧ ಅಕ್ಕ, ಮಾದಕ ವಸ್ತು ಅಂತ ಹಿಡಿಯುತ್ತಾರೆ. ಪೆಟ್ಟಿಗೆ ದುಬೈನಲ್ಲಿ ವಿಮಾನ ಬದಲಿಸುತ್ತದೆ. ಮಸಾಲೆ ಪುಡಿಯಲ್ಲಿ ಹಾಕಿದ್ದರೂ ಅದು ಬೇಡ. ಕೊಬ್ಬರಿ ಗಿಟುಕೂ ಬೇಡ. ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತದೆಂದು ವಿಮಾನಕ್ಕೆ ಬಿಡುವುದಿಲ್ಲ. ತುಪ್ಪ, ಪೇಡ ಸಹ ಇಲ್ಲೇ ಉಳಿಯಬೇಕು. ನಮ್ಮಂಥ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಸ್ವಿಸ್ ಕಸ್ಟಮ್ಸ್ ಒಪ್ಪುವುದಿಲ್ಲ. ದೇವರಾಜ ಮಾರ್ಕೆಟ್ ಬಳಿಯಿಂದ ಭಾವ ಪ್ರೀತಿಯಿಂದ ಕಟ್ಟಿಸಿಕೊಂಡು ಬಂದ ಮೈಸೂರು ಪಾಕ್ ಪೊಟ್ಟಣ ಬಿಚ್ಚಿ, ನಾವು ಅಲ್ಲೇ ನಿಂತು ತಿನ್ನುತ್ತೇವೆ. ಗೊಜ್ಜು ಎರಡು ಪದರ ಕವರಿನಲ್ಲಿ ಕೆಳಗೆ ಹಾಕುವ ಪೆಟ್ಟಿಗೆಗೆ. ಪವರ್ ಬ್ಯಾಂಕ್ ಕೈಚೀಲಕ್ಕೆ.

ಔಷಧಿ ಕೂಡ ಕೈಚೀಲಕ್ಕೇ, ಅಷ್ಟೂ. ಭಾವ ವಾರದ ಡಬ್ಬಿಗೆ ಮಾತ್ರೆ ಬಿಡಿಸಿ ಹಾಕಲು ಹೊರಟಿದ್ದರು, ಅಕ್ಕ ತಡೆದಳು. ಸ್ಟ್ರಿಪ್ಪಿನ ಮೇಲಿನ ಹೆಸರೇ ಅದರ ಗುರುತಿನ ಚೀಟಿ. ಜೊತೆಗೆ ಮಾತ್ರೆಯ ಮೂಲ ಹೆಸರು ಬರೆದ ಡಾಕ್ಟರ ಚೀಟಿ, ಇಂಗ್ಲಿಷಿನಲ್ಲಿ. ಹೋಗಿಬರುವ ದಿನಕ್ಕಿಂತ ಒಂದು ವಾರದ್ದು ಹೆಚ್ಚು.

ದುಡ್ಡು ಯೂರೋ ಅಲ್ಲ, ಸ್ವಿಸ್ ಫ್ರಾಂಕ್. ಸ್ವಲ್ಪ ನೋಟು, ಒಂದು ಫಾರೆಕ್ಸ್ ಕಾರ್ಡು, ಮೇಲೊಂದು ಬ್ಯಾಂಕಿನ ಕಾರ್ಡು. ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ನಾವೇ ಆನ್ ಮಾಡಬೇಕು, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಭಾವ ಬ್ಯಾಂಕಿನ ಆ್ಯಪ್ ತೆರೆದು ತಾವೇ ಒತ್ತುತ್ತಾರೆ. ಓಟಿಪಿ ಬರುವ ಸಿಮ್ ಅಲ್ಲೂ ಜೀವಂತವಾಗಿರಬೇಕೆಂದು ರೋಮಿಂಗ್ ಹಾಕಿಸಿದ್ದಾಯಿತು. ಹಾಲು, ಪೇಪರು ನಿಲ್ಲಿಸಿ, ಸಿಲಿಂಡರ್ ಬಂದ್ ಮಾಡಿ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟದ್ದೂ ಆಯಿತು.

ರಾತ್ರಿ. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನಿಂತಿದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಪರದೇಶಕ್ಕೆ ವಿಮಾನವಿಲ್ಲ, ಬೆಂಗಳೂರಿನ ದೇವನಹಳ್ಳಿಗೇ ಹೋಗಬೇಕು; ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್ಲಿನಲ್ಲಿ. ದಾರಿಗೆ ನಾಲ್ಕು ಗಂಟೆಗೂ ಮೇಲೆ, ಚೆಕ್-ಇನ್‌ಗೆ ಮೂರು ಗಂಟೆ. ಭಾವ ಪೆಟ್ಟಿಗೆ ಒಳಗಿಡಿಸುತ್ತಾರೆ. ಅಕ್ಕ ಕೈಚೀಲ ತೆರೆದು ನನಗೆ ಕೇಳಿಸುವಂತೆ ಒಂದೊಂದೇ ಮುಟ್ಟಿ ಹೇಳುತ್ತಾಳೆ: ಪಾಸ್‌ಪೋರ್ಟು, ವಿಮೆ, ಮಾತ್ರೆ, ಕನ್ನಡಕ. ಯಾರನ್ನೂ ಕೇಳದೆ ಹೇಳುತ್ತಾಳೆ. ಬಸ್ಸು ಹೊರಡುತ್ತದೆ.

ನಿಮ್ಮ ಮನೆಯಲ್ಲೂ ಹಿರಿಯರು ಇಂಥ ಪ್ರಯಾಣದ ಮಾತೆತ್ತಿದ್ದರೆ, ಟಿಕೆಟ್ಟಿನ ಬೆಲೆ ಹುಡುಕುವ ಮೊದಲು ಅವರ ಪಾಸ್‌ಪೋರ್ಟನ್ನು ಬೀರುವಿನಿಂದ ಹೊರಗೆ ತೆಗೆಸಿ. ಹೆಸರು ನೋಡಿ, ಕೊನೆಯ ತಾರೀಖು ನೋಡಿ. ಮತ್ತು ಫೈಲನ್ನು ಅವರ ಕೈಯಲ್ಲೇ ಜೋಡಿಸಿ.