ಕಾಣದಾದ ಡಿಸ್ಕು

ಹದಿನೈದು ವರ್ಷಗಳ ಭಾವಚಿತ್ರಗಳನ್ನೂ ಗತಿಸಿದ ಅಜ್ಜಿಯ ಕಂಠಧ್ವನಿಯನ್ನೂ ಒಡಲಲ್ಲಿಟ್ಟುಕೊಂಡು ಮನೆಯ ಕಂಪ್ಯೂಟರುಗಳಿಗೆಲ್ಲ ಉಣಬಡಿಸುತ್ತಿದ್ದ ಆ ನೆಟ್‌ವರ್ಕ್ ಪೆಟ್ಟಿಗೆಯು, ಒಂದು ಬೆಳಗ್ಗೆ ತನ್ನೊಳಗಿನ ಹಾರ್ಡ್ ಡಿಸ್ಕನ್ನೇ ಗುರುತಿಸದೆ ಹೋಯಿತು. ಪರದೆಯ ಮೇಲೆ ಮೂಡಿದ ಪ್ರಶ್ನೆಯಾದರೋ ಬಲು ವಿನಯದ್ದು: ‘ಡಿಸ್ಕನ್ನು ಹೊಸದಾಗಿ ಸಿದ್ಧಗೊಳಿಸಲೇ?’ ಹೂಂ ಎಂದರೆ ಇದ್ದುದೆಲ್ಲ ಅಳಿಸಿಹೋಗುವುದು. ಇಂಥ ವಿನಯಕ್ಕೇ ಹೆದರಬೇಕು. ಯಜಮಾನರ ಬೆರಳು ಆಗಲೇ ಗುಂಡಿಯತ್ತ ಚಾಚಿತ್ತು.

“ಅಪ್ಪಾ, ತಡೀರಿ!” ಎಂದಳು ಮಗಳು. ಪೆಟ್ಟಿಗೆಯನ್ನು ಆರಿಸಿ, ಡಿಸ್ಕನ್ನು ಮೆಲ್ಲನೆ ಹೊರಗೆಳೆದು, ಪಕ್ಕದ ಖಾಲಿ ಗೂಡಿಗೆ ಭದ್ರವಾಗಿ ಕೂರಿಸಿದಳು. ಅಲ್ಲಿಯೂ ಕಾಣದಿದ್ದರೆ ಸಂಶಯ ಡಿಸ್ಕಿನ ಮೇಲೆ. ಕಂಡರೆ ಹಳೆಯ ಗೂಡಿನ ಮೇಲೆ.

ಡಿಸ್ಕು ತಿರುಗುವ ಸದ್ದು ಕೇಳಿತು. ದೀಪ ಹಸಿರಾಯಿತು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯೂ ಕೆಮ್ಮಿ, ಕತೆ ಆರಂಭಿಸಿದಳು.

ನಕಲು ಇಡಲೆಂದು ಯಜಮಾನರು ಅಂದು ಸಂಜೆಯೇ ಇನ್ನೊಂದು ಡಿಸ್ಕು ಕೊಂಡುತಂದರು. ‘ದುಬಾರಿ’ ಎಂದು ಇಷ್ಟು ದಿನ ಮುಂದೂಡಿದ್ದವರೂ ಅವರೇ.