14 ಸಾವಿರ ಕಿಲೋಮೀಟರ್, ಎಷ್ಟು ಗಂಟೆ?

ಅಪ್ಪ ಸರ್ಕಾರಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು. ತಿಪಟೂರಿನಿಂದ ಬೆಂಗಳೂರು ಎಷ್ಟು ದೂರ ಅಂತ ಕೇಳಿದ್ರೆ ಕಿಲೋಮೀಟರ್ ಹೇಳ್ತಿರಲಿಲ್ಲ. ‘ಮೂರೂವರೆ ಗಂಟೆ, ನೆಲಮಂಗಲದಲ್ಲಿ ಜಾಮ್ ಇದ್ರೆ ನಾಲ್ಕು’ ಅನ್ನೋರು. ನಾನು ಕೆಲಸಕ್ಕೆ ಕ್ಯಾಲಿಫೋರ್ನಿಯಾಗೆ ಹೊರಟಾಗಲೂ ಕೇಳಿದ್ದು ಅದನ್ನೇ: ‘ಎಷ್ಟು ಹೊತ್ತಿನ ದಾರಿ?’

ಮೊಬೈಲ್ ನೋಡಿ ಹೇಳಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ನೇರ ವಿಮಾನವಾದರೆ 16 ಗಂಟೆ. ವಾಪಸ್ ಬರುವಾಗ ಎದುರುಗಾಳಿ, ಇನ್ನೂ ಒಂದು ಗಂಟೆಗಿಂತ ಜಾಸ್ತಿ. ‘ಶಿರಾಡಿ ಘಾಟಿ ಇಳಿಯೋದು, ಹತ್ತೋದು ಇದ್ದ ಹಾಗೆ’ ಅಂದರು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ಪೈಲಟ್ ತಂಡ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದ ಸುದ್ದಿಯನ್ನ ಅಪ್ಪ ಪೇಪರಿನಿಂದ ಕತ್ತರಿಸಿ ಇಟ್ಟಿದ್ದರು. ಪೂರ್ವ-ಪಶ್ಚಿಮ ಬಿಟ್ಟು ಉತ್ತರಕ್ಕೆ ಯಾಕೆ ಹೋಗ್ತಾರೆ ಅನ್ನೋದು ಅವರ ಪ್ರಶ್ನೆ. ರಜೆಗೆ ಬಂದಾಗ ಗ್ಲೋಬ್ ಮೇಲೆ ಎರಡು ಊರಿನ ನಡುವೆ ದಾರ ಎಳೆದು ತೋರಿಸಿದೆ. ಬಿಗಿ ಮಾಡಿದರೆ ದಾರ ತಾನಾಗಿಯೇ ಸೈಬೀರಿಯಾ ದಾಟಿ ಆರ್ಕ್ಟಿಕ್ ಕಡೆ ಜಾರುತ್ತೆ. ಅಪ್ಪ ಆ ದಾರವನ್ನ ತಾವೇ ನಾಲ್ಕು ಸಲ ಎಳೆದು ನೋಡಿದರು.

ಕಳೆದ ಡಿಸೆಂಬರ್, ಒಂದು ಮಂಗಳವಾರ ರಾತ್ರಿ 9 ಗಂಟೆ. ಊರಲ್ಲಿ ಬುಧವಾರ ಬೆಳಿಗ್ಗೆ 10:30. ಅಮ್ಮನ ಫೋನ್. ಅಪ್ಪನಿಗೆ ಸ್ಟ್ರೋಕ್, ತುಮಕೂರಿನ ಆಸ್ಪತ್ರೆಯಲ್ಲಿದ್ದಾರೆ. ‘ಈಗಲೇ ಹೊರಡ್ತೀನಿ’ ಅಂದೆ.

ಆ ದಿನ ನೇರ ವಿಮಾನ ಇರಲಿಲ್ಲ. ರಾತ್ರಿ 1 ಗಂಟೆಗೆ ಬೇರೆ ದಾರಿಯದ್ದೊಂದು ಇತ್ತು, ಸೀಟೂ ಇತ್ತು. ಬುಕ್ ಮಾಡಲಿಲ್ಲ. ನನ್ನ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿತ್ತು. ಅಲ್ಲೇ ಇದ್ದು ದುಡಿಯೋಕೆ ತೊಂದರೆ ಇಲ್ಲ, ಒಮ್ಮೆ ಹೊರಗೆ ಕಾಲಿಟ್ಟರೆ ಹೊಸ ಸ್ಟ್ಯಾಂಪ್ ಇಲ್ಲದೆ ಒಳಗೆ ಬಿಡಲ್ಲ. ಇಂಟರ್‌ವ್ಯೂ ಸ್ಲಾಟ್ ಯಾವಾಗ ಸಿಗುತ್ತೆ, ಕೆಲಸ ಉಳಿಯುತ್ತಾ, ಮನೆ ಬಾಡಿಗೆ, ಕಾರ್ ಸಾಲ... ಟ್ಯಾಬ್ ಮೇಲೆ ಟ್ಯಾಬ್ ತೆರೆದು ನೋಡ್ತಾ ಕೂತೆ. ತಲೆ ಎತ್ತಿದಾಗ 12 ಗಂಟೆ ಆಗಿತ್ತು. (ಸ್ನೇಹಿತರಿಗೆ ಇವತ್ತಿಗೂ ‘ಟಿಕೆಟ್ ಸಿಗಲಿಲ್ಲ’ ಅಂತಲೇ ಹೇಳಿದ್ದೀನಿ.)

ಮರುದಿನ ಸಂಜೆ 4ಕ್ಕೆ ಹೊರಟೆ. ದುಬೈಗೆ 16 ಗಂಟೆ, ಅಲ್ಲಿ 4 ಗಂಟೆ ಕಾಯೋದು, ಬೆಂಗಳೂರಿಗೆ ಇನ್ನೂ 4. ಮುಂದಿನ ಸೀಟಿನ ಪರದೆಯಲ್ಲಿ ಪುಟ್ಟ ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಓಡ್ತಿತ್ತಂತೆ. ನನ್ನ ಕಣ್ಣಿಗೆ ಅದು ಅಲುಗಾಡಲೇ ಇಲ್ಲ. ದೇವನಹಳ್ಳಿಯಲ್ಲಿ ಇಳಿದು ತುಮಕೂರು ಸೇರುವಾಗ ಶುಕ್ರವಾರ ಬೆಳಿಗ್ಗೆ 8. ಅಮ್ಮನ ಫೋನ್ ಬಂದು 45 ಗಂಟೆ ದಾಟಿತ್ತು.

ಅಪ್ಪನ ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲು. ಆದ್ರೂ ಗುರುತು ಹಿಡಿದರು.

‘ಎಷ್ಟು... ಗಂಟೆ ಆಯ್ತು?’

‘ಇಪ್ಪತ್ತು’ ಅಂದೆ. ಗಾಳಿಯಲ್ಲಿ ಇದ್ದದ್ದು ಅಷ್ಟೇ ತಾನೇ.

ಅಪ್ಪ ಎಡಗೈ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕಿದರು. ಮೂವತ್ತು ವರ್ಷ ಟ್ರಿಪ್ ಶೀಟ್ ಬರೆದ ಮನುಷ್ಯ.

‘ಫೋನ್... ಬುಧವಾರ ಅಲ್ವಾ?’

‘ಸೀಟ್ ಸಿಗಲಿಲ್ಲ ಅಪ್ಪ.’

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

‘ರಶ್ ಇರುತ್ತೆ ಬಿಡು’ ಅಂದರು.